ಕಲಪತ್ತು

ದೋಣಿಯನ್ನು ನೀರಿಗೆ ಇಳಿಸುವ ಮೊದಲು
ನೀರನ್ನು ದೋಣಿಗೆ ಇಳಿಸುತ್ತೇವೆ ನಾವು.
ಜುಲೈ ತಿಂಗಳು, ಕಡಲು ಬಂದ್,
ಕೋಡಿಬಾಗದ ಮರಳಲ್ಲಿ ಕೊಡದ ಮೇಲೆ ಕೊಡ ಹೊಯ್ದು
ಅದರ ಹೊಟ್ಟೆಯಡಿ ಅಂಗಾತ ಮಲಗಿ ಕಾಯುತ್ತೇನೆ,
ಯಾವ ಹಲಗೆಯ ಸಂದಿಯಲ್ಲಿ
ಮೊದಲ ಹನಿ ಕಣ್ಣು ಬಿಡುತ್ತದೆ ಎಂದು.
ಅಲ್ಲಿಗೊಂದು ಸೀಮೆಸುಣ್ಣದ ಗೀಟು.
ಅಲ್ಲಿಗೆ ಹತ್ತಿಯ ಎಳೆ, ಮೊಂಡು ಉಳಿ, ರಾಳ, ಎಣ್ಣೆ.
ಅಪ್ಪನ ಕೆಲಸವೂ ಇದೇ. ಅವನ ಉಳಿಯೂ ಇದೇ.

ಪಾದ್ರಿ ಭಾನುವಾರ ಹೇಳಿದರು, ಪರಿಶುದ್ಧರಾಗಿ ಎಂದು.
ನಾನು ಗೂಡಿನೊಳಗಿನ ಸಂತ ಅಂತೋನಿಯನ್ನು ನೋಡಿದೆ:
ಮುಟ್ಟಿ ಮುಟ್ಟಿ ಸವೆದ ಕಾಲ್ಬೆರಳು,
ಕೆನ್ನೆಗೆ ಈ ವರ್ಷದ ಹೊಸ ಬಣ್ಣ.
ಅವನಿಗೇನು. ಹೆಂಡತಿಯಿಲ್ಲ.
ಮಂಗಳವಾರ, ಶುಕ್ರವಾರ ಆಸ್ಪತ್ರೆಯಿಲ್ಲ.

ಆಂಜೆಲಿನಳ ರಕ್ತವನ್ನು ಯಂತ್ರವೊಂದು
ತೊಳೆದು ವಾಪಸು ಕೊಡುತ್ತದೆ.
ಯಂತ್ರಕ್ಕೆ ದುಡ್ಡಿಲ್ಲ. ಸೂಜಿಮದ್ದು ಮಾತ್ರ ಹೊರಗಿನಿಂದ.
ಆ ‘ಹೊರಗೆ’ ಎಂಬ ಮಾತನ್ನು ಹೇಳುವಾಗ ನರ್ಸಮ್ಮ
ನನ್ನ ಮುಖ ನೋಡುವುದಿಲ್ಲ. ಒಳ್ಳೆಯವಳು.

ಬೊಸ್ತ್ಯಾಂವ್ ಬಂದ, ಸೋದರತ್ತೆಯ ಮಗ, ರಾತ್ರಿ ಹತ್ತಕ್ಕೆ.
“ಇನಾಸ್, ನೀನು ಗೋವೆಗೆ ಹೋಗೋದು ಬೇಡ,
ಹೋಗಿ ಬರುವವರು ಬೇರೆ ಇದ್ದಾರೆ.
ತಳದ ಮೇಲೆ ಇನ್ನೊಂದು ತಳ ಕೂರಿಸಿಕೊಡು, ಅಷ್ಟೇ.
ನಡುವೆ ಒಂದು ಗೇಣು. ಬಾಟ್ಲಿ ಮಲಗುವಷ್ಟು.
ಹಲಗೆ ಜೋಡಿಸೋದು ಪಾಪವೇನೋ?
ನಮ್ಮ ಯೇಸುವೂ ಹಲಗೆ ಜೋಡಿಸಿದವನೇ.”
ಮುಂಗಡ ಐದು ಸಾವಿರ.

ತಗೊಂಡೆ.
ನೀನು ನೋಡಿದ್ದೀ, ನಿನ್ನ ಮುಂದೆ ಸುಳ್ಳು ಯಾಕೆ.
ಆ ರಾತ್ರಿಯ ತೇರ್ಸಿನಲ್ಲಿ
ಶೋಧನೆ ಎಂಬ ಮಾತು ಬಂದ ಕಡೆ ಕೆಮ್ಮಿದೆ.
ಆಂಜೆಲಿನ ಕಣ್ಣು ತೆರೆದಳು, ಮತ್ತೆ ಮುಚ್ಚಿದಳು,
ಮಣಿ ಮುಂದಕ್ಕೆ ಹೋಯಿತು.

ಮತ್ತಿಯ ಹಲಗೆ, ಮೂರು ದಿನದ ಕೆಲಸ.
ಇಷ್ಟು ಚಂದ ನಾನು ಎಂದೂ ಕೂಡಿಸಿರಲಿಲ್ಲ.
ನಾಲ್ಕನೆಯ ದಿನ ನೀರು ಹೊಯ್ದು ಅಡಿಗೆ ಮಲಗಿದೆ.
ಹನಿಯಿಲ್ಲ.
ಬೀಡಿ ಮುಗಿಯಿತು, ಹನಿಯಿಲ್ಲ.
ಮೇಲೆದ್ದು ನೋಡಿದರೆ ಒಳಗಿನ ನೀರು
ಎರಡು ಬೆರಳು ಇಳಿದಿತ್ತು.
ಎಲ್ಲಿಗೆ ಹೋಯಿತು?
ಬೆರಳ ಗೆಣ್ಣಿನಿಂದ ತಟ್ಟಿದೆ. ನಡುವಿನ ಆ ಗೇಣು
ಕುಡಿದವನ ಹೊಟ್ಟೆಯ ಹಾಗೆ ಗೊಳಗೊಳ ಅಂದಿತು.
ಒಳಗೆ ಸೋರುತ್ತಿದೆ, ಹೊರಗೆ ಒಣಗಿದೆ.
ಗೀಟು ಎಳೆಯಲು ಜಾಗವೇ ಇಲ್ಲ.

ಸೀಮೆಸುಣ್ಣ ಕೈಯಲ್ಲೇ ಇತ್ತು, ಪ್ರಭುವೇ.
ಎಷ್ಟು ಹೊತ್ತು ಹಾಗೆ ನಿಂತಿದ್ದೆನೋ,
ಕಾಳಿಯ ಭರತ ಇಳಿದು ಕೆಸರು ಕಾಣುತ್ತಿತ್ತು.

ಆಮೇಲೆ ಕಿತ್ತೆ. ಸಿಟ್ಟಿನಿಂದಲೇ ಕಿತ್ತೆ,
ಭಕ್ತಿ ಗಿಕ್ತಿ ಏನಿಲ್ಲ. ಒಂದು ಉಗುರು ಹೋಯಿತು.
ದುಡ್ಡು ವಾಪಸು ಕೊಟ್ಟೆ, ಸಾವಿರದ ನೂರು ಕಡಿಮೆ,
ಅಷ್ಟು ಆಗಲೇ ಮದ್ದಾಗಿ ಅವಳ ತೋಳಿಗೆ ಹೋಗಿತ್ತು.
ಬೊಸ್ತ್ಯಾಂವ್ ಎಣಿಸಿದ, ಮರಳಿಗೆ ಉಗುಳಿದ.
“ಸಂತನಾದೆಯೇನೋ?”
ಇಲ್ಲ. ಸಾಲಗಾರನಾದೆ.

ಪವಾಡ ಏನೂ ಆಗಲಿಲ್ಲ.
ಯಾರೂ ಬಂದು ಬಾಗಿಲು ತಟ್ಟಲಿಲ್ಲ.
ಗಂಗೂಬಾಯಿ ಖಾರ್ವಿ ಹಳೆಯ ಕೂಲಿಯಲ್ಲಿ ಅರ್ಧ ಕೊಟ್ಟಳು,
ಉಳಿದದ್ದು ನಾರಳಿ ಹುಣ್ಣಿಮೆಯ ಮೇಲೆ ಅಂದಳು.
ಶುಕ್ರವಾರದ ಮದ್ದಿಗೆ ಇನ್ನೂ ಇನ್ನೂರಾಹತ್ತು ಬೇಕು.

ಇವತ್ತು ಗುರುವಾರ.
ಆಂಜೆಲಿನಳಿಗೆ ದಿನಕ್ಕೆ ಮೂರು ಲೋಟ, ಅಷ್ಟೇ ನೀರು.
ಎದುರಿಗೆ ಇಡೀ ಸಮುದ್ರ ಬಾಯಿಬಿಟ್ಟುಕೊಂಡಿದೆ,
ಇವಳು ಒಣಮೀನಿನ ವಾಸನೆ ಬಂದರೆ
ಕಿಟಕಿ ಮುಚ್ಚಿ ಅಕ್ಕಿ ಆರಿಸುತ್ತಾಳೆ.
ಸಂಜೆಯ ಲೋಟದಲ್ಲಿ ಒಂದು ಗುಟುಕು ಕುಡಿದು
ತುಟಿ ಒರೆಸಿ, ಮುಚ್ಚಳ ಮುಚ್ಚಿಟ್ಟು
“ರಾತ್ರಿಗೂ ಇದೆ” ಎಂದಳು,
ಯಾರೋ ಕೊಟ್ಟುಹೋದವರ ಹೆಸರು ಹೇಳುವಷ್ಟು ಮೆಲ್ಲಗೆ.

ನನಗೆ ಬೇರೆ ಪ್ರಾರ್ಥನೆ ಬರುವುದಿಲ್ಲ.
ಮಲಗಿದ್ದೇನೆ ನಿನ್ನ ಕೊಡದ ಕೆಳಗೆ.
ಹೊಯ್ಯಿ.
ಸೋರಿದ ಕಡೆ ಗೀಟು ಎಳೆ.
ಇನ್ನೂರಾಹತ್ತನ್ನು ಮಾತ್ರ ಮರೆಯಬೇಡ.