ಕಟ್ಟಿಟ್ಟ ಹಾಯಿ

ಬಿಲ್ ಆಫ್ ಲೇಡಿಂಗ್ ಬರೆಯುವುದು ನನ್ನ ಕೆಲಸ.
ದೇರಾದ ಮೂರನೇ ಮಹಡಿಯಲ್ಲಿ ಕೂತು ಹದಿನಾಲ್ಕು ವರ್ಷ
ಅಕ್ಕಿ, ಟೈಲ್ಸು, ಫ್ರಿಜ್ಜು, ಒಮ್ಮೆ ಎರಡು ಕುದುರೆ,
ಎಲ್ಲವನ್ನೂ ಕಡಲಿಗೆ ಹತ್ತಿಸಿದ್ದೇನೆ.
ನಾನು ಹತ್ತಿರಲಿಲ್ಲ.

ಹಾಗಾಗಿ ಈದ್ ರಜೆಗೆ ಯಾವುದೋ ಗುಂಪಿಗೆ ಹೆಸರು ಕೊಟ್ಟೆ:
ಏಳು ದಿನ, ಮುಸಂದಮ್ಮಿನ ದ್ವೀಪಗಳು, ಹಾಯಿಹಡಗು,
ಊಟ ಸೇರಿ. ಈಜು ಬರಲೇಬೇಕೆಂದಿಲ್ಲ.

ಖಸಬಿನ ಧಕ್ಕೆಯಲ್ಲಿ ಒಂಬತ್ತು ಮಂದಿ
ಒಬ್ಬರ ಸೂಟ್‌ಕೇಸು ಒಬ್ಬರು ನೋಡುತ್ತ ನಿಂತೆವು.
ಅಜ್ಮಾನಿನ ದಂತವೈದ್ಯೆ ಲವೀನಾ ಕ್ರಾಸ್ತ, ಜತೆಗೆ ಅತ್ತೆ.
ಭಟ್ಕಳದ ಮೂವರು ಅಣ್ಣತಮ್ಮಂದಿರು, ಬಗಲಲ್ಲಿ ಕೇರಂ ಬೋರ್ಡು.
ಮದುವೆಯಾಗಿ ಹನ್ನೊಂದೇ ದಿನವಾದ ಜೋಡಿ.
ಮತ್ತೆ ವಾಮನ ತಿಂಗಳಾಯ, ಜೆಬೆಲ್ ಅಲಿಯಲ್ಲಿ ಸ್ಟೋರ್ ಕೀಪರ್,
ಯಾವೂರು ಎಂದರೆ "ಮಂಗಳೂರು ಕಡೆ" ಎಂದು
ಮಾತಿಗೆ ಚಿಲಕ ಹಾಕಿಕೊಂಡವರು.

ಹಾಯಿ ಇತ್ತು, ಸುಳ್ಳಲ್ಲ.
ಸುರುಳಿ ಸುತ್ತಿ ನೀಲಿ ಹಗ್ಗದಲ್ಲಿ ಬಿಗಿದಿತ್ತು;
ಅದರಡಿ ನಮ್ಮ ಟವೆಲುಗಳು ಒಣಗುತ್ತಿದ್ದವು.
ಬಿಚ್ಚುವುದು ಯಾವಾಗ ಎಂದು ಕೇಳಿದೆ.
ಸಲಾಯಾದ ಮುದುಕ, ಹಡಗಿನ ಜುಸಬ್ ಭಾಯಿ,
"ಕೊನೇ ದಿನ, ಫೋಟೋಗೆ" ಎಂದ.

ಡೀಸೆಲ್ ಕೆಮ್ಮುತ್ತ ಮೂರು ದಿನ ಸುತ್ತಿದೆವು.
ಇಲ್ಲಿ ಬೆಟ್ಟಕ್ಕೆ ಪಾದವಿಲ್ಲ,
ನಡುಮಟ್ಟ ನೀರಲ್ಲಿ ನಿಂತು ಒಣಗುತ್ತದೆ, ಒಂದು ಹುಲ್ಲಿಲ್ಲ.
ಡಾಲ್ಫಿನ್ ಬಂದಾಗ ಎಲ್ಲರೂ ಒಂದೇ ಬದಿಗೆ ಓಡಿ
ಕೇರಂ ಕಾಯಿಗಳು ತಾವಾಗಿ ಗುಂಡಿಗಿಳಿದವು;
ಕೆಂಪು ಯಾರದು ಎಂಬ ಜಗಳ ಮರುದಿನಕ್ಕೂ ಉಳಿಯಿತು.
ತಂತಿ ದ್ವೀಪದಲ್ಲಿ ಕಲ್ಲಿನ ಮೆಟ್ಟಿಲಷ್ಟೇ ಮಿಕ್ಕಿದೆ.
ಸಮುದ್ರದಡಿಯ ಸುದ್ದಿ ಕಾಯುತ್ತ ಕೂತವರಿಗೆ
ಹಿಂದೆ ಇಲ್ಲಿ ತಲೆ ಕೆಟ್ಟಿತ್ತಂತೆ.
ಮದುವಣಗಿತ್ತಿ ಮೆಟ್ಟಿಲ ತುದಿಗೆ ಹತ್ತಿ
ಮೊಬೈಲನ್ನು ಆಕಾಶಕ್ಕೆ ತೋರಿಸುತ್ತಿದ್ದಳು.

ನಾಲ್ಕನೇ ಸಂಜೆ, ಕುಮ್ಜಾರಿನ ಹೊರಗೆ, ಎಂಜಿನ್ ನಿಂತಿತು.

ಮೊದಲು ಖುಷಿಯಾಯಿತು. ಅಷ್ಟು ನಿಶ್ಶಬ್ದ.
ಆಮೇಲೆ ನೋಡಿದರೆ ಬಂಡೆ ನಮ್ಮತ್ತ ಬರುತ್ತಿದೆ.
ಬಂಡೆಯಲ್ಲ, ನಾವು; ಸೆಳೆತಕ್ಕೆ ಸದ್ದಿಲ್ಲ.
ಜುಸಬ್ ಭಾಯಿ ಟವೆಲುಗಳನ್ನು ಕಿತ್ತು ಬಿಸಾಡಿ
ಚಾಕುವಿನಿಂದ ನೀಲಿ ಹಗ್ಗ ಕೊಯ್ದ.
"ಕೈ! ಎಲ್ಲರ ಕೈ!"
ಹತ್ತಿದ ದಪ್ಪ ಮಿಣಿಯನ್ನು ಜಗ್ಗಿದೆವು,
ಒಬ್ಬರು ಎಳೆದಾಗ ಇನ್ನೊಬ್ಬರು ಉಸಿರು ಬಿಡುತ್ತ.
ಅಡ್ಡಮರ ಒಂದು ಗೇಣು ಏರಿ ಎರಡು ಗೇಣು ಜಾರಿತು.
ಲವೀನಾಳ ಅತ್ತೆ ಜಪಮಾಲೆ ಹಿಡಿದರು.

ಆಗ ನನ್ನ ಬೆನ್ನ ಹಿಂದೆ
ಯಾರದೋ ಗಂಟಲು:
"ಓ... ಐಲೇಸಾ!"
ತಿರುಗಿದರೆ ತಿಂಗಳಾಯರು. ಕಣ್ಣು ಮುಚ್ಚಿದ್ದರು.
"ಐಸಾ" ಎಂದೆ, ನನಗೆ ಗೊತ್ತಿಲ್ಲದೆ.
"ಐಸಾ" ಎಂದರು ಭಟ್ಕಳದ ಮೂವರು, ವೈದ್ಯೆ, ಅತ್ತೆ,
ಎಂದೂ ದನಿಯೆತ್ತದ ಮದುಮಗ.
ಒಂಬತ್ತು ಜನಕ್ಕೆ ಒಂದೇ ಉಸಿರು, ಒಂದೇ ಹಿಮ್ಮಡಿ.
ಅಡ್ಡಮರ ಏರಿತು. ಬಟ್ಟೆ ಪಟಪಟ ಬೈದು
ಇದ್ದಕ್ಕಿದ್ದಂತೆ ಹೊಟ್ಟೆ ತುಂಬಿ ಸುಮ್ಮನಾಯಿತು.
ಬಂಡೆ ನಿಧಾನವಾಗಿ ಬೇರೆ ಕಡೆಗೆ ಹೊರಟಿತು.

ರಾತ್ರಿ ಬೆಳದಿಂಗಳಿರಲಿಲ್ಲ.
ಎಲ್ಲರ ಅಂಗೈಗೂ ಬೊಬ್ಬೆ,
ತಿಂಗಳಾಯರದೇ ಹೆಚ್ಚು ಸುಲಿದಿತ್ತು.
ಬಾಯಿಗೆ ನೆನಪಿತ್ತು, ಅಂಗೈ ಮರೆತಿತ್ತು.
ಎಣ್ಣೆ ಹಚ್ಚಿಸಿಕೊಳ್ಳುತ್ತ ಇಷ್ಟೇ ಹೇಳಿದರು:
"ಮಲ್ಪೆಯಲ್ಲಿ ಕೈರಂಪಣಿ ಎಳೆವಾಗ
ಹಗ್ಗದ ಬಾಲ ಹಿಡಿಯುವುದು ನನ್ನ ಪಾಲಿಗಿತ್ತು.
ಮುಂದೆ ನಿಂತವ ಅಪ್ಪ. ನಾನು ಕಂಡದ್ದು ಬೆನ್ನು ಮಾತ್ರ."
ಮುಂದಿನದನ್ನು ನಾವು ಕೇಳಲಿಲ್ಲ,
ಅವರೂ ಹೇಳಲಿಲ್ಲ.

ಕೊನೆಯ ದಿನ ಫೋಟೋಗೆಂದು ಹಾಯಿ ಎತ್ತಿದಾಗ
ಅವರು ಕೆಳಗೆ ಮಲಗಿದ್ದರು.
ಚಿತ್ರದಲ್ಲಿ ಎಂಟೇ ಜನ, ಹಲ್ಲು ಕಿರಿದು.

ಸೋಮವಾರ ಕಚೇರಿ. ಬಲಗೈ ಉರಿಯುತ್ತಿದೆ.
ಬಂದರ್ ಅಬ್ಬಾಸಿಗೆ ನಾನೂರು ಪೆಟ್ಟಿಗೆ ಚಹಾ.
ಅಚ್ಚಾದ ಸಾಲು ಎಂದಿನಂತೆ ಅಲ್ಲೇ ಇದೆ:
ಮೇಲ್ನೋಟಕ್ಕೆ ಸುಸ್ಥಿತಿಯಲ್ಲಿ ಹಡಗೇರಿದೆ,
ಒಳಗಿರುವುದು ನಮಗೆ ತಿಳಿಯದು.
ಇಷ್ಟು ವರ್ಷ ಓದದೆಯೇ ಅದರಡಿ ಸಹಿ ಹಾಕಿದ್ದೆ.
ಇವತ್ತು ಪೆನ್ನು ಹಿಡಿಯಲಾಗದೆ
ಓದಿದೆ.