ಏಳನೇ ಕಲಂ

ನಗರಸಭೆಯ ನೆಲಮಾಳಿಗೆಯಲ್ಲಿ
ತಿಂಗಳ ಎರಡನೇ ಮಂಗಳವಾರ, ಸಂಜೆ ಆರಕ್ಕೆ,
ಏಳು ಮಂದಿ ಕೂತು ತೀರ್ಮಾನಿಸುತ್ತಾರೆ
ಈ ಊರು ಯಾವುದನ್ನು ಮರೆಯಬಾರದೆಂದು.
ನಾನು ನಡಾವಳಿ ಬರೆಯುವವಳು.
ಎತ್ತಲು ನನಗೆ ಕೈಯಿಲ್ಲ,
ನನ್ನ ಕುರ್ಚಿಗೂ ಇಲ್ಲ.

ಹೊರಗೆ ಈರೀ ಸರೋವರ ಹೆಪ್ಪುಗಟ್ಟುತ್ತಿದೆ,
ಒಳಗೆ ಹೀಟರು ಕೆಮ್ಮುತ್ತಿದೆ.

ಅರ್ಜಿ ಸಂಖ್ಯೆ ಹದಿನಾಲ್ಕು:
ಟ್ಯಾನರಿ ಬೀದಿ, ನಾನೂರ ಹದಿನೆಂಟು.
ಹಿಂದೆ ಒಝೆಲಾ ಪೆಟ್‌ವೇ ಅವರ ಬ್ಯೂಟಿ ಪಾರ್ಲರು,
ಈಗ ಖಾಲಿ.
ಮಾಲೀಕರಾದ ಡ್ರೋಜ್ದ್ ಅವರಿಗೆ
ಅದನ್ನು ಕೆಡವಿ ಕಾರು ನಿಲ್ಲಿಸುವ ಆಸೆ.

ಫಾರಂ ಕೇಳಿದ್ದನ್ನು ನಾನು ಗಟ್ಟಿಯಾಗಿ ಓದುತ್ತೇನೆ.
ಐವತ್ತು ವರ್ಷ ದಾಟಿದೆಯೇ? ದಾಟಿದೆ.
ಹೆಸರಾಂತ ವಾಸ್ತುಶಿಲ್ಪಿಯ ಕೆಲಸವೇ? ಅಲ್ಲ.
ಯಾವನೋ ಬಡಗಿ, ಕುಡಿದಿದ್ದನೋ ಏನೋ, ಮೆಟ್ಟಿಲು ವಾಲಿದೆ.
ಅಷ್ಟನ್ನು ನಾನು ಓದಲಿಲ್ಲ.
ಶೈಲಿ? ಟಾಲಿವರ್ ಕನ್ನಡಕ ಒರೆಸಿದರು:
‘ಶೈಲಿ ಅನ್ನುವಂಥದ್ದು ಕಾಣೆ.’
ಏಳನೇ ಕಲಂ. ಮೂಲ ಕಿಟಕಿಗಳು ಉಳಿದಿವೆಯೇ?
ಇಲ್ಲ. ಬೀದಿ ಕಡೆಗೆಲ್ಲ ಗಾಜಿನ ಇಟ್ಟಿಗೆ,
ಬೆಳಕು ಹಾಯುತ್ತದೆ, ಮುಖ ಕಾಣುವುದಿಲ್ಲ.
‘ಹಾಗಾದರೆ ಸ್ವರೂಪ ಕೆಟ್ಟಿದೆ’ ಎಂದರು,
ಸಾವಿನ ಮನೆಯಲ್ಲಿ ಮಾತಾಡುವಂತೆ.

ಡ್ರೋಜ್ದ್ ಕೆಟ್ಟವನೇನಲ್ಲ. ಟೋಪಿ ಕೈಯಲ್ಲಿ ಹಿಡಿದೇ ಎದ್ದ:
‘ಸೂರು ಸೋರುತ್ತೆ, ತೆರಿಗೆ ಒಂದು ಹನಿಯೂ ಸೋರಲ್ಲ.
ನೀವು ಗೋಡೆಗೆ ಫಲಕ ಹೊಡೆದು ಹೋಗ್ತೀರಿ,
ತಗಡು ಹೊದಿಸೋರು ಯಾರು?’
ಯಾರೂ ಉತ್ತರಿಸಲಿಲ್ಲ. ಅದಕ್ಕೆ ಕಲಂ ಇಲ್ಲ.

ಆಮೇಲೆ ಲವೀನಿಯಾ ಕ್ರಂಪ್,
ನೇರಳೆ ರುಮಾಲು, ಭಾರದ ಕೈಚೀಲ.
‘ಎಷ್ಟು ನಿಮಿಷ ಕೊಡ್ತೀರಿ?’
‘ಮೂರು.’
‘ಒಝೆಲಾ ಹತ್ತಿರ ಕೂದಲು ಒಣಗೋಕೇ ನಲವತ್ತು ಬೇಕಿತ್ತು.’

‘ನನಗಾಗ ಇಪ್ಪತ್ತೆರಡು.
ಪೇಟೆಯ ದೊಡ್ಡ ಅಂಗಡಿಯಲ್ಲಿ ನಮ್ಮ ತಲೆಗೆ
ಹ್ಯಾಟು ಇಟ್ಟು ನೋಡೋಕೆ ಬಿಡ್ತಿರಲಿಲ್ಲ.
ದುಡ್ಡು ಮೊದಲು, ತಲೆ ಆಮೇಲೆ.
ಡ್ರೈಯರ್ ಕೆಳಗೆ ಕೂತಲ್ಲೇ ರುಜು ಹಾಕಿದ್ವಿ,
ಇನ್ನು ಅಲ್ಲಿಗೆ ಕಾಲಿಡಲ್ಲ ಅಂತ.
ಮುನ್ನೂರ ಹನ್ನೊಂದು ಹೆಸರು,
ತಲೆಗೆ ಹಚ್ಚೋ ಎಣ್ಣೆ ಡಬ್ಬಿಯ ತಳದಲ್ಲಿ.
ಮಾರ್ಚಿನಲ್ಲಿ ಮೊದಲನೇ ಇಟ್ಟಿಗೆ ಬಂತು, ಕಿಟಕಿಯಿಂದ.
ಒಝೆಲಾ ಗಾಜು ಹಾಕಿಸಿದಳು.
ಮೇನಲ್ಲಿ ಇನ್ನೊಂದು. ಹಾಕಿಸಿದಳು.
ಜುಲೈನಲ್ಲಿ ಮಿನ್ನಿ ತಲೆಗೆ ಸೋಪು ಹಚ್ಚಿದ್ವಿ,
ನೊರೆ ಕೆಂಪಗಾಯ್ತು.
ಆವತ್ತು ಒಝೆಲಾ ಅಂದಳು:
ಅವರಿಗೆ ಇಟ್ಟಿಗೆ ಮೇಲೆ ಅಷ್ಟು ಪ್ರೀತಿ ಇದ್ರೆ
ನಾವೂ ಇಟ್ಟಿಗೆಯಲ್ಲೇ ಕಟ್ಟೋಣ, ಗಾಜಿನದ್ದು.’

ಗಂಟೆ ಬಾರಿಸಿತು. ಆಕೆ ನಿಲ್ಲಿಸಲಿಲ್ಲ.
ಕೈಚೀಲದಿಂದ ತೆಗೆದು ಮೇಜಿನ ಮೇಲಿಟ್ಟಳು,
ಒಂದು ಮೂಲೆ ಮುಕ್ಕಾದ ಇಟ್ಟಿಗೆ.
ನೀರಿನ ಲೋಟಗಳು ಅಲುಗಿದವು.
‘ಕೆಟ್ಟಿದೆ ಅಂದಿರಲ್ಲ, ಕಿಟಕಿ.
ನಿಮ್ಮ ಫಾರಂ ಹುಡುಕ್ತಿರೋದು ಅದನ್ನೇ.’

ನಾಲ್ಕು ಕೈ ಎದ್ದವು, ಮೂರು ಏಳಲಿಲ್ಲ.
ಇನ್ನು ಕೌನ್ಸಿಲ್ಲು, ಇನ್ನೊಂದು ವಿಚಾರಣೆ,
ಡ್ರೋಜ್ದ್ ವಕೀಲನ ಹತ್ತಿರ ಹೋಗಬಹುದು.
ಆಗ ಕೊನೆಯ ಕುರ್ಚಿಯ ಹೊಸ ಸದಸ್ಯೆ ಹುರುಪಿನಿಂದ:
‘ಒಂದು ಷರತ್ತು ಸೇರಿಸೋಣ. ಗಾಜಿನ ಇಟ್ಟಿಗೆ ಕಿತ್ತು
ಮೂಲದಂತೆ ಮರದ ಕಿಟಕಿ ಕೂರಿಸಲಿ.’
ಅನುಮೋದಿಸುವವರು?
ಹೀಟರು ಕೆಮ್ಮಿತು.
ಟಾಲಿವರ್ ತಮ್ಮ ಬೂಟು ನೋಡಿಕೊಂಡರು.

ಏಳನೇ ಕಲಮಿಗೆ ಕೊಟ್ಟ ಜಾಗ ಒಂದು ಬೆರಳಗಲ.
‘ಇಲ್ಲ’ ಎಂದು ಬರೆದು, ಹಾಳೆ ಮಗುಚಿ,
ಹಿಂಬದಿಯಲ್ಲಿ ಮುಂದುವರಿಸಿದೆ.

ಇಟ್ಟಿಗೆಯನ್ನು ದಾಖಲೆಯಾಗಿ ಇಟ್ಟುಕೊಳ್ಳಲೇ ಎಂದೆ.
ಆಕೆ ಆಗಲೇ ಚೀಲಕ್ಕೆ ಹಾಕುತ್ತಿದ್ದಳು.
‘ಬೇಡಮ್ಮ. ಹಿತ್ತಲ ಬಾಗಿಲು ಗಾಳಿಗೆ ಬಡ್ಕೊಳ್ಳುತ್ತೆ,
ರಾತ್ರಿ ಒತ್ತಿಡೋಕೆ ಬೇಕು.’