ನಿವ್ವಳ

ಕಾರಟಗಿಯ ಆಚೆ, ಎಡದಂಡೆ ಕಾಲುವೆ ಬಲಕ್ಕೆ ಹೊರಳುವಲ್ಲಿ
ನಮ್ಮ ಮಿಲ್ಲಿನ ಕಾಟಾ.
ನಲವತ್ತು ಟನ್ ಭತ್ತದ ಲಾರಿ ಹತ್ತಿದರೂ
ಉಸಿರೆತ್ತದ ಕಬ್ಬಿಣದ ಹಾಸು.
ಪಕ್ಕದ ತಗಡಿನ ಖೋಲಿಯಲ್ಲಿ ನಾನು,
ನನ್ನ ತೊಡೆಯ ಮೇಲೆ ಜೀರಗಿ.

ಬಣ್ಣ ಜೀರಿಗೆಯದ್ದು, ಅದಕ್ಕೇ ಆ ಹೆಸರು.
ಹಮಾಲರ ಯಂಕೋಬ ಗೋಣಿ ಸಂದಿಯಿಂದ ಎತ್ತಿ ತಂದಾಗ
ಅಂಗೈಯಷ್ಟಿತ್ತು, ಕಣ್ಣು ಬಿಟ್ಟಿರಲಿಲ್ಲ.
ಈಗ ಸಾವ್ಕಾರರ ಲೆಕ್ಕದಲ್ಲಿ ಅದೂ ಒಂದು ಆಳು:
ವರ್ಷಕ್ಕೆ ಇಷ್ಟು ಚೀಲ ಹರಿಯದೆ ಉಳಿದವು,
ಇಷ್ಟು ಕ್ವಿಂಟಲ್ ಇಲಿ ಬಾಯಿಂದ ಪಾರಾಯಿತು.
ಪಗಾರ ದಿನಕ್ಕೊಂದು ಲೋಟ ಹಾಲು;
ಅದನ್ನೂ ಕ್ಯಾಂಟೀನಿನ ಹುಸೇನಬಿ
ನೀರು ಬೆರೆಸಿಯೇ ಕೊಡುತ್ತಾಳೆ.

ಇಲಿಯ ಲೆಕ್ಕ ಅವರದು.
ನನ್ನದು ಬೇರೆ.
ರಸೀದಿ ಬುಕ್ಕಿನ ಹಿಂಬದಿ, ಕಾರ್ಬನ್ ತಾಗದ ಹಾಳೆಯಲ್ಲಿ
ದೀಪಾವಳಿಯಿಂದ ಬರೆಯುತ್ತ ಬಂದೆ:

ರಾಟವಾಳ ಮೂರು, ಚೆಲ್ಲಿದ ಕಾಳಿಗೆ ಇಳಿದವು.
ಹಾವರಾಣಿ ಒಂದು, ಬಾಲ ಆಮೇಲೂ ಕುಣಿಯುತ್ತಿತ್ತು.
ಗುಬ್ಬಿ. ಎಷ್ಟೆಂದು ಬರೆಯಲಿ, ಗುಬ್ಬಿ ಎಂದಷ್ಟೇ ಬರೆದೆ.
ಪಿಕಳಾರ, ಬಾಯಲ್ಲಿನ್ನೂ ಬೇವಿನ ಹಣ್ಣು.
ಅಳಿಲುಮರಿ. ಅದನ್ನು ತಿನ್ನಲೂ ಇಲ್ಲ,
ತಂದು ನನ್ನ ಚಪ್ಪಲಿಯ ಮೇಲಿಟ್ಟು
ಮುಖ ನೋಡಿತು,
ಮಗಳು ಅಂಕಪಟ್ಟಿ ತಂದು ನಿಂತ ಹಾಗೆ.

ಹೊಟ್ಟೆ ತುಂಬಿದ್ದಕ್ಕೆ ಬೇಟೆ ಯಾಕೆ ಎಂದರೆ
ಯಂಕೋಬ ನಕ್ಕ:
"ಸಾವ್ಕಾರ್ರಿಗೆ ಇನ್ನೊಂದು ಮಿಲ್ಲು ಯಾಕ್ರೀ ಮತ್ತ?"

ಯಾರೂ ಇಲ್ಲದ ಹೊತ್ತು
ಒಂದು ಗುಬ್ಬಿಯನ್ನು ಕಾಟಾದ ಮೇಲಿಟ್ಟೆ.
ಕೆಂಪು ಅಂಕಿ ಅಲುಗಲಿಲ್ಲ.
ಹತ್ತು ಕಿಲೋಗಿಂತ ಕಡಿಮೆಯದ್ದನ್ನು
ಇದೆಯೆಂದೇ ಒಪ್ಪುವುದಿಲ್ಲ ಈ ಯಂತ್ರ.
ಒಟ್ಟು ಸೊನ್ನೆ. ಖಾಲಿ ಸೊನ್ನೆ. ನಿವ್ವಳ
ಬರೆಯುವಷ್ಟರಲ್ಲಿ ಗಾಳಿ ಬೀಸಿ
ಒಂದು ರೆಕ್ಕೆ ತಂತಾನೆ ಬಿಚ್ಚಿಕೊಂಡಿತು.

ಯುಗಾದಿಯ ಮುಂದೆ ಟಿಟ್ಟಿಭದ ಜೋಡಿಯೊಂದು
ಲಾರಿ ತಿರುಗುವ ಜಾಗದ ಗರಸಿನಲ್ಲಿ ಮೊಟ್ಟೆಯಿಟ್ಟಿತು.
ನಾಲ್ಕು; ಕಲ್ಲಿನ ನಡುವೆ ಕಲ್ಲು.
ಸುತ್ತ ನಾಲ್ಕು ಇಟ್ಟಂಗಿ ಇಟ್ಟೆ,
ಡ್ರೈವರುಗಳಿಗೆ ಬೈದೆ,
ಗದ್ವಾಲದಿಂದ ಬಂದವನಿಗೆ ತೆಲುಗಿನಲ್ಲಿ ಬೈದೆ.
ಟೈರುಗಳು ಸರಿದು ಹೋದವು.
ಬೆಕ್ಕಿಗೆ ಯಾವ ಭಾಷೆಯಲ್ಲಿ ಬೈಯಲಿ?

ಬೆಕ್ಕಿಗೆ ಗಂಟೆ ಕಟ್ಟೋರ್ಯಾರು ಅಂತ
ಇಲಿಗಳು ಸಭೆ ಸೇರಿ ಸುಮ್ಮನೆ ಎದ್ದುಹೋದದ್ದು ಎಲ್ಲರಿಗೂ ಗೊತ್ತು.
ಕಟ್ಟಿದವ ನಾನು.
ಗಂಗಾವತಿ ಸಂತೆಯ ಆಡಿನ ಗೆಜ್ಜೆ, ಹದಿನೈದು ರೂಪಾಯಿ.
ಐದು ದಿನ ಮಿಲ್ಲೆಲ್ಲ ಕಿಣಿಕಿಣಿ.
ಆರನೆಯ ದಿನ
ಕುತ್ತಿಗೆ ನೆಲಕ್ಕೆ ಸಮ ಮಾಡಿ, ಒಂದೊಂದೇ ಪಾದ ಊರಿ
ಗೆಜ್ಜೆಗೇ ಗೊತ್ತಾಗದ ಹಾಗೆ ನಡೆಯುವುದನ್ನು
ಅದು ಕಲಿತಿತ್ತು.
ಕತೆ ಹೇಳಿದವರು ಇದನ್ನು ಹೇಳಿರಲಿಲ್ಲ.

ಆ ಸಂಜೆಯಿಂದ ಖೋಲಿಗೆ ಚಿಲಕ.
ರಾತ್ರಿಯೆಲ್ಲ ತಗಡು ಕೆರೆದು ಅತ್ತಿತು, ಥೇಟ್ ಕೂಸಿನ ದನಿ.
ಗೋದಾಮಿನಲ್ಲಿ ಇಲಿ ಹೆಚ್ಚಾದವಲ್ಲ ಎಂದು ಸಾವ್ಕಾರರು ಕೇಳಿದಾಗ
ಚಿಲಕ ತೆಗೆದವನೂ ನಾನೇ.
ಒಂದೇ ರಾತ್ರಿ.

ಮುಂಜಾನೆ ನಾಲ್ಕೂ ಇಟ್ಟಂಗಿ ಇದ್ದಲ್ಲೇ ಇದ್ದವು.
ನಡುವೆ ಚಿಪ್ಪು; ಹಿಂದಿನ ದಿನವೇ
ಮರಿಯಾಗಿದ್ದವೆಂದು ಆಗ ತಿಳಿಯಿತು.
ಹಕ್ಕಿ ಮೇಲೆ ಸುತ್ತುತ್ತ ಕೂಗುತ್ತಿತ್ತು,
ಕನ್ನಡವೇನೋ ಎಂಬಷ್ಟು ಸ್ಪಷ್ಟ:
ಇತ್ತಿಲ್ಲೇ! ಇತ್ತಿಲ್ಲೇ ಇತ್ತು!
ಲಾರಿ ಬಂತು. ತೂಕ ಬರೆದುಕೊಟ್ಟೆ. ಲಾರಿ ಹೋಯಿತು.
ಇತ್ತಿಲ್ಲೇ ಇತ್ತು.

ಜೀರಗಿ ತೊಡೆ ಹತ್ತಿ, ಮೂರು ಸುತ್ತು ತಿರುಗಿ, ಮಲಗಿತು.
ಎಷ್ಟು ಹಗುರ, ಎಷ್ಟು ಬೆಚ್ಚಗೆ.
ಹಿಂಬದಿಯ ಹಾಳೆ ತೆರೆದೆ, ಪೆನ್ನು ಹಿಡಿದೆ;
ಎಡಗೈ, ನನ್ನನ್ನು ಕೇಳದೇ,
ಅದರ ಕಿವಿಯ ಹಿಂದೆ ಕೆರೆಯುತ್ತಿತ್ತು.